ಎರಡೂ ಎಡತೋಳು

"ನಾಳೆ," ಎಂದ ಅಪ್ಪ.

ಪ್ಯಾಂಟಿನ ಬಟ್ಟೆ ವಾಪಸ್ ಕೇಳಲು ಬಂದಿದ್ದ ದಪ್ಪ ಮೀಸೆಯ ಗಿರಾಕಿ ಕಿಸಕ್ಕನೆ ನಕ್ಕುಬಿಟ್ಟ. ನಗಬಾರದಿತ್ತು ಎಂದು ಆಮೇಲೆ ಹೊಳೆದಿರಬೇಕು, ಕೆಮ್ಮು ಬಂದವನ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದ. ಆದರೆ ಮಗಳು ಸೂಜಿ ನೋಡಿಯಾಗಿತ್ತು. ನಗುವಿಗೂ ಕೆಮ್ಮಿಗೂ ವ್ಯತ್ಯಾಸ ಗೊತ್ತಾಗದಷ್ಟು ಚಿಕ್ಕವಳೇನಲ್ಲ ಅವಳು, ಐದನೇ ಕ್ಲಾಸು.

ಅಮ್ಮ ಕಪಾಟಿನಿಂದ ಬಟ್ಟೆ ತೆಗೆದು ಗಿರಾಕಿಯ ಕೈಗಿಟ್ಟಳು. ಬೇಜಾರು ಮಾಡಿಕೊಳ್ಳಬೇಡಿ, ಮಾಸ್ಟರ್ ಹುಷಾರಾಗಲಿ, ಆಮೇಲೆ ಇಲ್ಲಿಗೇ ತಂದುಕೊಡುತ್ತೇನೆ ಎಂದೆಲ್ಲ ಅವನು ಅಮ್ಮನಿಗೆ ಸಮಾಧಾನ ಹೇಳಿದ. ಮಾಸ್ಟರ್ ಎನಿಸಿಕೊಂಡ ಅಪ್ಪ ಅಲ್ಲೇ, ಕೈಗೆಟುಕುವಷ್ಟು ಹತ್ತಿರ ಕೂತಿದ್ದ. ಅವನ ಕಡೆ ಮಾತ್ರ ಮೀಸೆ ತಿರುಗಲೇ ಇಲ್ಲ.

"ಹಾಳಾಗ್ ಹೋಗ್ಲಿ," ಎಂದಳು ಸೂಜಿ, ಅವನು ಮೆಟ್ಟಿಲು ಇಳಿದ ಮೇಲೆ.

"ಬಾಯಿ," ಎಂದಳು ಅಮ್ಮ. ಬಾಯಿ ಮುಚ್ಚು ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತೂ ಅಮ್ಮನಿಗೆ ಈಚೆಗೆ ಇರಲಿಲ್ಲ.

ಸೂಜಿ ಎನ್ನುವುದು ಅಪ್ಪ ಇಟ್ಟ ಹೆಸರು. ನೋಡಲು ಕಡ್ಡಿ, ಮಾತಾಡಿದರೆ ಚುಚ್ಚು, ಟೈಲರ್ ಮಗಳಿಗೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿ ಸಿಗುತ್ತದೆ ಎನ್ನುತ್ತಿದ್ದ. ಆಗ ಅಪ್ಪನಿಗೆ ಬಾಯಿತುಂಬ ಮಾತಿತ್ತು. ಈಗ ಇರುವುದು ಒಂದೇ ಒಂದು.

ಅದಾದದ್ದು ಹೀಗೆ. ಒಂದು ಬೆಳಿಗ್ಗೆ ಕತ್ತರಿ ಹಿಡಿದಿದ್ದ ಅಪ್ಪನ ಬಲಗೈ ಇದ್ದಕ್ಕಿದ್ದಂತೆ ಸತ್ತವರ ಕೈಯ ಹಾಗೆ ಬಿದ್ದುಹೋಯಿತು. ಹಿಂದೆಯೇ ಅಪ್ಪನೂ ಬಿದ್ದ. ಸ್ಟ್ರೋಕ್ ಎಂದರು ಆಸ್ಪತ್ರೆಯಲ್ಲಿ, ಅಂದರೆ ಮೆದುಳಿಗೆ ಹೋಗುವ ರಕ್ತ ಎಲ್ಲೋ ದಾರಿಯಲ್ಲಿ ಕಟ್ಟಿಕೊಳ್ಳುವುದು. ಪ್ರಾಣ ಉಳಿಯಿತು, ಎಡಗೈ ಎಡಗಾಲು ಉಳಿದವು. ಬಲಗಡೆ ಹೋಯಿತು. ಮಾತೂ ಹೋಯಿತು, ಒಂದನ್ನು ಬಿಟ್ಟು. ಅವರ ತಲೆಯೊಳಗೆ ಎಲ್ಲ ಮಾತೂ ಇದೆ, ಬಾಯಿಗೆ ಬರುವ ದಾರಿ ಮುಚ್ಚಿದೆ ಎಂದು ಡಾಕ್ಟರ್ ಹೇಳಿದರು. ಅಮ್ಮ ತಲೆಯಾಡಿಸಿದಳು. ಸೂಜಿಯೂ ತಲೆಯಾಡಿಸಿದಳು, ಅಮ್ಮ ಆಡಿಸಿದಳಲ್ಲ ಎಂದು.

ಉಳಿದ ಆ ಒಂದು ಮಾತಾದರೂ ಎಂಥದ್ದು. ಸೂಜಿ ಎನ್ನುವ ಹೆಸರಾದರೂ ಉಳಿಯಬಾರದಿತ್ತೇ. ನೀರು, ಊಟ, ಏನಾದರೊಂದು ಕೆಲಸಕ್ಕೆ ಬರುವುದು ಉಳಿಯಬಾರದಿತ್ತೇ. ಎಲ್ಲ ಬಿಟ್ಟು "ನಾಳೆ" ಉಳಿಯಿತು. ಬಟ್ಟೆ ಆಯ್ತಾ ಮಾಸ್ಟರ್ ಎಂದು ಕೇಳಿದವರಿಗೆಲ್ಲ ಅಪ್ಪ ಇಷ್ಟು ವರ್ಷ ಅದನ್ನೇ ಹೇಳಿದ್ದ. ಆಗಲೇ ಬೀದಿಯವರು ಅವನನ್ನು ನಾಳೆ ಮಾಸ್ಟರ್ ಎಂದು ಕರೆಯುತ್ತಿದ್ದರು, ಅಪ್ಪನೂ ಜೊತೆಗೆ ನಗುತ್ತಿದ್ದ. ಈಗ ಹಸಿವಾದರೆ ನಾಳೆ, ಕಾಲು ನೋಯುತ್ತಿದ್ದರೆ ನಾಳೆ, ಬಾತ್‌ರೂಮಿಗೆ ಹೋಗಬೇಕೆಂದರೂ ನಾಳೆ. ಅದು ನಾಳೆಗೆ ಕಾಯುವ ಕೆಲಸವೇ?

ಮನೆಯಲ್ಲಿ ಒಬ್ಬನನ್ನೇ ಬಿಡುವಂತಿರಲಿಲ್ಲ. ಅದಕ್ಕೇ ಅಮ್ಮ ದಿನಾ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಪರದೆ ಸರಿಸಿ, ಹಿಂದಿನ ಮನೆಯಿಂದ ಮುಂದಿನ ಅಂಗಡಿಗೆ ತಂದು ಕಟಿಂಗ್ ಟೇಬಲ್ಲಿನ ಪಕ್ಕ ನಿಲ್ಲಿಸುತ್ತಿದ್ದಳು. ಬೆಳಿಗ್ಗೆ ಅವನಿಗೆ ಸ್ನಾನ, ಷೇವಿಂಗ್, ಮಾತ್ರೆ. ಆಮೇಲೆ ಮೆಷಿನ್ನು. ಮಧ್ಯೆ ಎದ್ದು ಅಡುಗೆ. ಸ್ಕೂಲಿನಿಂದ ಬಂದ ಮೇಲೆ ಅಪ್ಪನಿಗೆ ಊಟ ಮಾಡಿಸುವುದು ಸೂಜಿಯ ಕೆಲಸ. ಥ್ರೋಬಾಲ್ ಪ್ರಾಕ್ಟೀಸ್ ಬಿಟ್ಟಾಯಿತು, ಟೂರಿಗೆ ಹೆಸರು ಕೊಟ್ಟಿದ್ದನ್ನು ವಾಪಸ್ ತೆಗೆದಾಯಿತು. ಟೀವಿಯನ್ನು ಎದುರುಮನೆಯವರು ಕೊಂಡುಕೊಂಡು ಹೋದರು. ಸಂಜೆ ಆ ಟೀವಿಯ ಸದ್ದು ಆ ಮನೆಯಿಂದ ಕೇಳಿದಾಗೆಲ್ಲ ಸೂಜಿಗೆ ಮೈ ಉರಿಯುತ್ತಿತ್ತು.

ಅವಳಿಗೆ ಎಲ್ಲರ ಮೇಲೂ ಸಿಟ್ಟು. ಬಟ್ಟೆ ವಾಪಸ್ ಒಯ್ಯುವವರ ಮೇಲೆ, ಪಾಪ ಎನ್ನುವವರ ಮೇಲೆ, ಅಳದೆ ಇರುವ ಅಮ್ಮನ ಮೇಲೆ. ಅಪ್ಪನ ಮೇಲೂ. ಕಾಯಿಲೆಯವರ ಮೇಲೆ ಸಿಟ್ಟು ಮಾಡಬಾರದು ಎಂದು ಅವಳಿಗೆ ಗೊತ್ತಿತ್ತು, ಆದರೆ ಸಿಟ್ಟಿಗೆ ಅದು ಗೊತ್ತಿರಬೇಕಲ್ಲ.

ಭಾನುವಾರ ದೊಡ್ಡಪ್ಪ ಬಂದರು. ದೊಡ್ಡಪ್ಪ ಕೆಟ್ಟವರಲ್ಲ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕಾದವರು ಅವರೇ, ಗಾಲಿಕುರ್ಚಿ ತಂದುಕೊಟ್ಟವರೂ ಅವರೇ. ಬಂದವರು ಸ್ಟೂಲಿನ ಮೇಲೆ ಕೂತು, ಅಪ್ಪನಿಗೆ ಬೆನ್ನುಹಾಕಿ ಅಮ್ಮನ ಹತ್ತಿರ ಮಾತಿಗೆ ಶುರುಮಾಡಿದರು. ಅಂಗಡಿ ಮುಚ್ಚಿಬಿಡು, ಬಾಡಿಗೆಯಾದರೂ ಉಳಿಯುತ್ತದೆ ಎಂದರು. ಮೆಷಿನ್ನುಗಳಿಗೂ ಕಟಿಂಗ್ ಟೇಬಲ್ಲಿಗೂ ಗಿರಾಕಿ ನೋಡಿದ್ದಾರಂತೆ. ಗಾರ್ಮೆಂಟ್ಸಿನಲ್ಲಿ ಅಮ್ಮನಿಗೆ ಕೆಲಸ ಕೊಡಿಸುತ್ತಾರಂತೆ, ತಿಂಗಳಾದರೆ ಸಂಬಳ ಗ್ಯಾರಂಟಿ.

"ಇವರನ್ನ ಯಾರು ನೋಡ್ಕೋತಾರೆ ಭಾವ?" ಎಂದಳು ಅಮ್ಮ.

ಅದಕ್ಕೂ ದಾರಿಯಿದೆ, ಯಾರನ್ನಾದರೂ ನೋಡೋಣ ಎಂದರು ದೊಡ್ಡಪ್ಪ. ಅಪ್ಪ "ನಾಳೆ" ಎಂದ. ದೊಡ್ಡಪ್ಪ ಹಿಂದೆ ತಿರುಗದೆಯೇ, ಮಗುವನ್ನು ಸುಮ್ಮನಾಗಿಸುವವರ ಹಾಗೆ ಅವನ ಮೊಣಕಾಲು ತಟ್ಟಿದರು.

"ನೀನು ಹೊಲಿತೀಯಮ್ಮ, ನಾನು ಬೇಡ ಅನ್ನಲ್ಲ. ಕಟಿಂಗ್ ಯಾರು ಮಾಡ್ತಾರೆ?"

ಬಟ್ಟೆಗೆ ಕತ್ತರಿ ಹಾಕುವುದು ಅಪ್ಪ, ಹೊಲಿಯುವುದು ಅಮ್ಮ, ಅಂಗಡಿ ಶುರುವಾದ ದಿನದಿಂದ ಹಾಗೇ. ತಪ್ಪು ಹೊಲಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ತಪ್ಪು ಕತ್ತರಿಸಿದರೆ ಮುಗಿಯಿತು. ಅದಕ್ಕೇ ಟೈಲರ್ ಅಂಗಡಿಯಲ್ಲಿ ಕತ್ತರಿ ಹಿಡಿದವನೇ ಮಾಸ್ಟರ್. ಅಪ್ಪ ತನ್ನ ದೊಡ್ಡ ಕತ್ತರಿಯನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ.

ಒಂದು ತಿಂಗಳು ನೋಡುತ್ತೇನೆ ಎಂದಷ್ಟೇ ಅಮ್ಮ ಹೇಳಿದಳು. ದೊಡ್ಡಪ್ಪ ನಿಟ್ಟುಸಿರು ಬಿಟ್ಟು ಎದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ಇವನ ಮುಂದೆ ಹೇಳಿದ್ರೂ ಒಂದೇ, ಗೋಡೆ ಮುಂದೆ ಹೇಳಿದ್ರೂ ಒಂದೇ ಆಯ್ತಲ್ಲ," ಎಂದು ಕಣ್ಣೊರೆಸಿಕೊಂಡರು. ಸೂಜಿಗೆ ಆ ಕಣ್ಣೀರು ಕಂಡು ಇನ್ನೂ ಸಿಟ್ಟು ಬಂತು. ಎದುರಿಗಿರುವವನನ್ನು ಗೋಡೆ ಎಂದುಬಿಟ್ಟು ಆಮೇಲೆ ಅಳುವುದು ಯಾವ ಸೀಮೆ ನ್ಯಾಯ?

ಆ ವಾರ ಹೊಸದಾಗಿ ಬಟ್ಟೆ ತಂದವರು ಒಬ್ಬರೇ, ಬಸ್ಸಿನ ಕಂಡಕ್ಟರ್ ಆಂಟಿ. ಯೂನಿಫಾರ್ಮ್ ಶರ್ಟಿನ ಬಟ್ಟೆ. ಡಿಪೋದವರು ವರ್ಷಕ್ಕೊಂದು ಸಲ ಕೊಡುವುದು, ಅದೂ ಒಂದು ಗೇಣು ಹೆಚ್ಚಿಲ್ಲದಂತೆ ಅಳೆದು. ಆ ಬಣ್ಣ ಯಾವ ಅಂಗಡಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಸೋಮವಾರ ದೊಡ್ಡ ಸಾಹೇಬರು ಬರುತ್ತಾರೆ, ಹೊಸ ಯೂನಿಫಾರ್ಮ್ ಇಲ್ಲದವರಿಗೆ ಡ್ಯೂಟಿಯಿಲ್ಲ ಎಂದಿದ್ದಾರಂತೆ.

ಅಮ್ಮ ಬಟ್ಟೆಯನ್ನು ಮುಟ್ಟಲೇ ಹೆದರಿದಳು. ಕಟಿಂಗ್ ತಾನು ಯಾವತ್ತೂ ಮಾಡಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.

"ನಾನು ಮೊದಲನೇ ದಿನ ಬಸ್ ಹತ್ತಿದಾಗ ಸೀಟಿ ಊದೋಕೂ ಬರ್ತಿರ್ಲಿಲ್ಲ," ಎಂದರು ಕಂಡಕ್ಟರ್ ಆಂಟಿ. "ಊದಿದ್ರೆ ಬರೀ ಉಗುಳು ಬರ್ತಿತ್ತು. ನೀವು ಹೊಲೀರಿ." ಅಳತೆಗೆಂದು ತಮ್ಮ ಹಳೆಯ ಶರ್ಟೊಂದನ್ನು ಟೇಬಲ್ಲಿನ ಮೇಲೆ ಬಿಸಾಕಿ ಡ್ಯೂಟಿಗೆ ಓಡಿದರು.

ಶನಿವಾರ ಅರ್ಧ ದಿನ ಸ್ಕೂಲು. ಸೂಜಿ ಬಂದಾಗ ಅಮ್ಮ ಹಳೆಯ ಶರ್ಟಿನ ಹೊಲಿಗೆ ಬಿಚ್ಚಿ, ಒಂದೊಂದೇ ಭಾಗವನ್ನು ಹೊಸ ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಬೆನ್ನು ಆಯಿತು, ಎದೆ ಆಯಿತು, ಕಾಲರ್ ಆಯಿತು. ತೋಳು ಉಳಿಯಿತು. ಬಟ್ಟೆ ಮಡಚಿ ಎರಡು ತೋಳನ್ನೂ ಒಟ್ಟಿಗೆ ಕತ್ತರಿಸಲು ಜಾಗ ಸಾಲುವಂತಿರಲಿಲ್ಲ. ಬಿಡಿಬಿಡಿಯಾಗಿ ಕತ್ತರಿಸಬೇಕು. ಅಮ್ಮ ಹಳೆಯ ಶರ್ಟಿನ ಒಂದು ತೋಳನ್ನು ಇಟ್ಟು ಗೆರೆ ಎಳೆದಳು. ಅದನ್ನೇ ಪಕ್ಕಕ್ಕೆ ಸರಿಸಿ ಇನ್ನೊಂದು ಗೆರೆ ಎಳೆಯತೊಡಗಿದಳು.

"ನಾಳೆ," ಎಂದ ಅಪ್ಪ.

ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

"ನಾಳೆ. ನಾಳೆ." ಎಡಗೈಯನ್ನು ಮೊಣಕಾಲಿನ ಮೇಲೆ ಪಟಪಟ ಬಡಿಯತೊಡಗಿದ. ಅಷ್ಟರಲ್ಲಿ ಫೋನ್ ಬಂತು. ಅಂಗಡಿ ಮಾಲೀಕರು, ಬಾಡಿಗೆಯ ವಿಷಯ. ಅಮ್ಮ ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಹೂಂ ಸಾರ್, ಹೂಂ ಸಾರ್ ಎನ್ನುತ್ತ ಕತ್ತರಿ ಎತ್ತಿಕೊಂಡಳು. ಹಿಂದೆ ಅಡುಗೆಮನೆಯಲ್ಲಿ ಅನ್ನ ಉಕ್ಕಿ ಸ್ಟೌವ್ ಚುಂಯ್ ಎಂದಿತು. ಅಪ್ಪನ ಮುಖ ಕೆಂಪಾಯಿತು, ದನಿ ಏರಿತು. "ನಾಳೆ ನಾಳೆ ನಾಳೆ."

ಸ್ಟೌವ್ ಆರಿಸಿ ಓಡಿಬಂದ ಸೂಜಿಗೆ ಇಷ್ಟು ದಿನ ಗಂಟಲಲ್ಲಿ ನಿಂತಿದ್ದದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

"ಸಾಕು ಸುಮ್ನಿರಪ್ಪ. ನಾಳೆ ನಾಳೆ ನಾಳೆ, ಅದೊಂದೇ ಗೊತ್ತು ನಿಂಗೆ. ಅಮ್ಮ ಕೆಲಸ ಮಾಡೋದು ಬೇಡ್ವಾ?"

ಅಷ್ಟು ಹೇಳಿ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ಗಾಲಿಕುರ್ಚಿಯ ಹಿಡಿ ಹಿಡಿದು ಎಳೆದು, ಗರಕ್ಕನೆ ತಿರುಗಿಸಿ, ಅಪ್ಪನನ್ನು ಬಾಗಿಲ ಬಳಿ ಬೀದಿಗೆ ಮುಖಮಾಡಿ ನಿಲ್ಲಿಸಿ ಬ್ರೇಕ್ ಹಾಕಿಬಿಟ್ಟಳು. ಅಪ್ಪನ ಎಡಗೈ ಬ್ರೇಕಿಗೆ ಎಟುಕುತ್ತಿರಲಿಲ್ಲ, ಅದು ಬಲಗಡೆಯಿತ್ತು. ಅವನು ಥಟ್ಟನೆ ಸುಮ್ಮನಾದ. ಅಮ್ಮ ಒಂದು ಸಲ ತಲೆಯೆತ್ತಿ ನೋಡಿದಳು. ಬೇಡ ಎನ್ನಲಿಲ್ಲ. ಅಂಗಡಿ ನಿಶ್ಶಬ್ದವಾಗುವುದು ಅವಳಿಗೂ ಬೇಕಾಗಿತ್ತು.

ಕತ್ತರಿ ಕರಕರ ಎಂದು ಬಟ್ಟೆಯೊಳಗೆ ನಡೆಯಿತು.

ಸಂಜೆಯ ಹೊತ್ತಿಗೆ ಶರ್ಟು ಶರ್ಟಿನಂತೆ ಕಾಣತೊಡಗಿತು. ಕಾಲರ್ ಕೂತಿತು, ಎಡತೋಳು ಕೂತಿತು. ಅಮ್ಮನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಸಣ್ಣದೊಂದು ಗೆಲುವು ಕಂಡಿತು. ಬಲತೋಳನ್ನು ಹೊಂದಿಸಲು ಹೋದಳು. ಅದು ತಿರುಚಿಕೊಂಡಿತು. ಬಿಚ್ಚಿ ಇನ್ನೊಮ್ಮೆ ಇಟ್ಟಳು, ಮತ್ತೆ ತಿರುಚಿಕೊಂಡಿತು. ಮಗುಚಿ ಇಟ್ಟಳು. ಈಗ ಸರಿಯಾಗಿ ಕೂತಿತು, ಆದರೆ ಬಟ್ಟೆಯ ಒಳಮೈ ಹೊರಗೆ ಬಂತು. ಹೊರಮೈಗೆ ಹೊಳಪಿದೆ, ಒಳಮೈ ಮಂಕು. ಎರಡೂ ತೋಳು ಅಕ್ಕಪಕ್ಕ ಇಟ್ಟು ನೋಡಿದಳು. ಎರಡೂ ಎಡತೋಳು.

ಒಂದೇ ತೋಳನ್ನು ಎರಡು ಸಲವೂ ಒಂದೇ ರೀತಿ ಇಟ್ಟು ಗೆರೆ ಎಳೆದರೆ ಇನ್ನೇನಾಗುತ್ತದೆ. ಎರಡನೆಯ ಸಲ ಅದನ್ನು ಮಗುಚಿ ಹಾಕಬೇಕಿತ್ತು.

ಅಮ್ಮ ನೆಲದ ಮೇಲೆ ಕೂತುಬಿಟ್ಟಳು. ಅಳುತ್ತಾಳೆಂದು ಸೂಜಿ ಅಂದುಕೊಂಡಳು. ಅಮ್ಮ ಅಳಲಿಲ್ಲ. ಬೀದಿಗೆ ಮುಖಮಾಡಿ ಕೂತಿದ್ದ ಅಪ್ಪನ ಬೆನ್ನಿಗೆ ಬೈದಳು.

"ಹೊಲಿ ಹೊಲಿ ಅಂತ ನನ್ನ ಮೆಷಿನ್ನಿಗೆ ಕಟ್ಟಿಹಾಕಿದ್ರಿ. ಒಂದಿನ, ಒಂದೇ ಒಂದಿನ ಆ ಕತ್ತರಿ ನನ್ನ ಕೈಗೆ ಕೊಟ್ರೇನ್ರೀ? ಕಲ್ಸಿ ಅಂತ ಎಷ್ಟು ಸಲ ಕೇಳ್ದೆ. ನಾಳೆ ಅಂದ್ರಿ. ಗಿರಾಕಿಗೆ ಹೇಳೋ ಹಂಗೇ ನನಗೂ ನಾಳೆ ಅಂದ್ರಿ. ಬಂತಲ್ಲ ನಿಮ್ಮ ನಾಳೆ, ನೋಡ್ಕೊಳ್ಳಿ."

ಅಮ್ಮ ಹೀಗೆ ಮಾತಾಡಿದ್ದನ್ನು ಸೂಜಿ ಕೇಳಿಯೇ ಇರಲಿಲ್ಲ. ಬೀದಿಯವರು ಯಾರಾದರೂ ಕೇಳಿಸಿಕೊಂಡರೇನೋ ಎಂದು ಷಟರ್ ಅರ್ಧ ಎಳೆಯಲು ಬಾಗಿಲಿಗೆ ಬಂದಳು. ಆಗ ಅಪ್ಪನ ಕೈ ಕಂಡಿತು.

ಅದು ಬಡಿಯುತ್ತಿರಲಿಲ್ಲ. ಮೊಣಕಾಲಿನ ಮೇಲೆ ಅಂಗೈ ಕೆಳಗಾಗಿ ಇಡುತ್ತಿದ್ದ, ಮಗುಚಿ ಅಂಗೈ ಮೇಲಾಗಿ ಇಡುತ್ತಿದ್ದ. ಮತ್ತೆ ಕೆಳಗೆ, ಮತ್ತೆ ಮೇಲೆ. ಎದುರಿಗೆ ಸ್ಕೂಟರುಗಳು ಹೋಗುತ್ತಿದ್ದವು, ತರಕಾರಿ ಗಾಡಿ ಹೋಯಿತು, ಯಾರೂ ನೋಡುತ್ತಿರಲಿಲ್ಲ. ಅಪ್ಪ ಮಧ್ಯಾಹ್ನದಿಂದ ಬೀದಿಗೆ ತೋಳು ಕತ್ತರಿಸುವುದು ಹೇಗೆಂದು ಹೇಳಿಕೊಡುತ್ತಿದ್ದ.

ಮಧ್ಯಾಹ್ನ ಪಟಪಟ ಬಡಿಯುತ್ತಿದ್ದಾನೆ ಎಂದು ಸೂಜಿ ಅಂದುಕೊಂಡದ್ದೂ ಇದನ್ನೇ. ಆಗ ಅವಳು ನೋಡಿರಲೇ ಇಲ್ಲ, ಬರೀ ಸದ್ದು ಕೇಳಿದ್ದಳು.

ಅವಳು ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅಪ್ಪ, ಮಗುಚಿ ಹಾಕು ಅಂತಿದ್ಯಾ?"

ಅಪ್ಪನ ಕೈ ನಿಂತಿತು. "ನಾಳೆ," ಎಂದ, ಮೆತ್ತಗೆ. ಅದೇ ಮಾತು, ಆದರೆ ಹೌದು ಎನ್ನುವುದು ಅದರೊಳಗೆ ಇಡಿಯಾಗಿ ಕೂತಿತ್ತು.

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಹೀಗೇ ಇತ್ತೇ? ಹಸಿವಿನ ನಾಳೆ ಬೇರೆ, ನೋವಿನ ನಾಳೆ ಬೇರೆ, ಬೇಡವೆನ್ನುವ ನಾಳೆ ಬೇರೆ ಇತ್ತೇ? ಯಾರು ಕೇಳಿಸಿಕೊಂಡಿದ್ದರು. ಗೋಡೆ ಎಂದ ದೊಡ್ಡಪ್ಪನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಅವಳಿಗೆ. ದೊಡ್ಡಪ್ಪ ಬರೀ ಬೆನ್ನು ಹಾಕಿದ್ದರು. ಅವಳು ಬ್ರೇಕನ್ನೂ ಹಾಕಿದ್ದಳು.

ಬ್ರೇಕ್ ತೆಗೆದಳು. ಸಾರಿ ಎನ್ನಬೇಕೆಂದರೆ ಗಂಟಲಿನಿಂದ ಏನೂ ಹೊರಡಲಿಲ್ಲ, ಅಪ್ಪನಿಗೆ ಆಗುವ ಹಾಗೇ. ಕುರ್ಚಿಯನ್ನು ಟೇಬಲ್ಲಿಗೆ ತೀರ ಹತ್ತಿರ ತಳ್ಳಿಕೊಂಡು ಹೋಗಿ ನಿಲ್ಲಿಸಿ, ಅಮ್ಮನಿಗೆ ಕೈಯ ವಿಷಯ ಹೇಳಿದಳು.

ಅಮ್ಮ ನೆಲದಿಂದ ಎದ್ದು ಅಪ್ಪನನ್ನು ದಿಟ್ಟಿಸಿದಳು. ಸಿಟ್ಟು ಇಳಿದಿರಲಿಲ್ಲ. ಆದರೆ ಉಳಿದ ಚೂರುಗಳನ್ನೆಲ್ಲ ತಂದು ಅವನ ಮುಂದೆ ಸುರಿದಳು. "ಹೇಳಿ ಈಗ. ಏನ್ ಮಾಡ್ಲಿ?"

ಅಪ್ಪ ಎಡಗೈಯಲ್ಲಿ ಚೂರುಗಳನ್ನು ಕೆದಕಿದ. ಉದ್ದದ್ದೊಂದು ಆರಿಸಿದ. ಅಗಲ ಸಾಲದು. ಇನ್ನೊಂದು ಸಣ್ಣದನ್ನು ಅದರ ಪಕ್ಕ ತಳ್ಳಿ, ಸೂಜಿಯ ಕಂಕುಳಿಗೆ ಬೆರಳು ಚುಚ್ಚಿದ. ಕಚಗುಳಿಯಾಗಿ ಅವಳು ನೆಗೆದಳು. ಅಮ್ಮನಿಗೆ ಅರ್ಥವಾಯಿತು, ಎರಡು ಚೂರು ಸೇರಿಸಿದ ಜೋಡು ಕಂಕುಳ ಕೆಳಗೆ ಬಂದರೆ ಕಾಣುವುದಿಲ್ಲ.

ಆಮೇಲೆ ಅಂಗಡಿಯಲ್ಲಿ ನಡೆದದ್ದು ಕೆಲಸವೋ ಜಗಳವೋ ಹೇಳುವುದು ಕಷ್ಟ. ಅಮ್ಮ ಗೆರೆ ಎಳೆದರೆ ಅಪ್ಪ ಮೆಲ್ಲಗೆ ನಾಳೆ, ನಾಳೆ ಎನ್ನುತ್ತಿದ್ದ, ಹೋಗು ಮುಂದೆ ಎನ್ನುವ ಹಾಗೆ. ದಾರಿ ತಪ್ಪಿದರೆ ಚಾಟಿಯಂತೆ "ನಾಳೆ" ಎನ್ನುತ್ತಿದ್ದ. ಕಿರುಚಬೇಡಿ, ನನಗೆ ಕಿವಿ ಇದೆ ಎಂದು ಅಮ್ಮ ರೇಗುತ್ತಿದ್ದಳು. ಒಂದು ಕಡೆ ಇಬ್ಬರೂ ಹಟಹಿಡಿದು ನಿಂತರು. ಅಮ್ಮ ತನ್ನ ಗೆರೆಯೇ ಸರಿ ಎಂದಳು, ಅಪ್ಪ ಒಪ್ಪಲಿಲ್ಲ. ಕೊನೆಗೆ ನೋಡಿದರೆ ಅಮ್ಮನ ಗೆರೆಯೇ ಸರಿಯಿತ್ತು. ಆಗ ಅಪ್ಪ ಹೇಳಿದ ನಾಳೆ ಬಹಳ ಸಣ್ಣದಾಗಿತ್ತು, ಅಮ್ಮನಿಗೆ ಸಿಟ್ಟಿನ ಮಧ್ಯೆಯೂ ನಗು ಬಂತು.

ಭಾನುವಾರ ಬೆಳಿಗ್ಗೆ ಕಂಡಕ್ಟರ್ ಆಂಟಿ ಶರ್ಟ್ ಹಾಕಿಕೊಂಡು ಕನ್ನಡಿಯೆದುರು ಹಿಂದೆ ಮುಂದೆ ತಿರುಗಿದರು. ಅಮ್ಮ ಮುಚ್ಚಿಡಲಿಲ್ಲ, ಕಂಕುಳ ಕೆಳಗಿನ ಜೋಡನ್ನು ತೋರಿಸಿ ತನ್ನದೇ ತಪ್ಪು ಎಂದಳು. ಆಂಟಿ ಕೈ ಎತ್ತಿ ನೋಡಿಕೊಂಡರು.

"ಸಾಹೇಬರ ಮುಂದೆ ಕೈ ಎತ್ತೋ ಅಷ್ಟು ಸಿಟ್ಟು ಬರ್ಲಿಲ್ಲ ಅಂದ್ರೆ ಆಯ್ತು," ಎಂದರು. ಡಿಪೋದಲ್ಲಿ ಇನ್ನೂ ಇಬ್ಬರು ಬಟ್ಟೆ ಹಿಡಿದು ಅಲೆಯುತ್ತಿದ್ದಾರೆ, ಕಳಿಸುತ್ತೇನೆ ಎಂದೂ ಹೇಳಿದರು.

ಅವರು ಹೋಗುವುದಕ್ಕೂ ದೊಡ್ಡಪ್ಪ ಬರುವುದಕ್ಕೂ ಸರಿಹೋಯಿತು. ಜೊತೆಗೆ ಒಬ್ಬ ಅಪರಿಚಿತ ಇದ್ದ, ಬರುತ್ತಲೇ ಕಟಿಂಗ್ ಟೇಬಲ್ಲಿನ ಕಾಲುಗಳನ್ನು ಬಗ್ಗಿ ನೋಡಿ ಹಲಗೆಯನ್ನು ಟಕಟಕ ಕುಟ್ಟಿದ. ಗಟ್ಟಿ ಮರ ಎಂದು ಮೆಚ್ಚಿಕೊಂಡ. ಸುಮ್ಮನೆ ತೋರಿಸೋಣವೆಂದು ಕರೆತಂದೆ, ತಿಂಗಳಾಗಲಿ ಎಂದಿದ್ದೀಯಲ್ಲ, ಆಗಲಿ, ನೋಡಿಟ್ಟುಕೊಂಡಿರಲಿ ಎಂದು ದೊಡ್ಡಪ್ಪ ಅಮ್ಮನಿಗೆ ವಿವರಿಸಿದರು.

"ನಾಳೆ," ಎಂದ ಅಪ್ಪ. ಎಡಗೈಯನ್ನು ಹಲಗೆಯ ಮೇಲೆ ಬಿಗಿಯಾಗಿ ಊರಿದ್ದ.

"ನಾಳೆ ಬರ್ಲಾ ಹಂಗಾದ್ರೆ?" ಎಂದು ಆ ಮನುಷ್ಯ ನಿಜವಾಗಿಯೇ ಕೇಳಿದ.

ಅದಕ್ಕೆಲ್ಲ ಅರ್ಥವಿಲ್ಲ ಬಿಡಿ ಎನ್ನುವಂತೆ ದೊಡ್ಡಪ್ಪ ಕೈಯಾಡಿಸಿದರು. ಆಮೇಲೆ ಏನನ್ನಿಸಿತೋ, ಸೂಜಿಯ ಕಡೆ ಬಗ್ಗಿದರು. "ಏನಂತಾನೆ ಪುಟ್ಟಿ ನಿಮ್ಮಪ್ಪ?"

ಏನಂತಾನೆಂದು ಸೂಜಿಗೆ ಚೆನ್ನಾಗಿ ಗೊತ್ತಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು, ಚುಚ್ಚುವಂಥದ್ದೇ. ಅವಳು ತುಟಿ ಕಚ್ಚಿ ಅದನ್ನು ನುಂಗಿದಳು. ಸ್ಟೂಲನ್ನು ಎಳೆದು ತಂದು ಗಾಲಿಕುರ್ಚಿಯ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ಕುಕ್ಕಿದಳು.

"ನನ್ನ ಕೇಳ್ಬೇಡಿ ದೊಡ್ಡಪ್ಪ. ಅಪ್ಪ ಇಲ್ಲೇ ಕೂತಿದ್ದಾರೆ."

ದನಿಯಲ್ಲಿ ಸಿಟ್ಟಿತ್ತು. ಅಮ್ಮ ಈ ಸಲ ಬಾಯಿ ಎನ್ನಲಿಲ್ಲ.

ದೊಡ್ಡಪ್ಪ ಸ್ಟೂಲಿನ ಮೇಲೆ ಕೂತರು. ಆಸ್ಪತ್ರೆಯಿಂದ ಬಂದ ಮೇಲೆ ಅಣ್ಣ ತಮ್ಮ ಹೀಗೆ ಎದುರುಬದುರು ಕೂತದ್ದು ಇದೇ ಮೊದಲು. ದೊಡ್ಡಪ್ಪನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅಪ್ಪನ ಬಲಗೈ ನೋಡಿದರು, ಕಾಲು ನೋಡಿದರು, ಕೊನೆಗೆ ಕಣ್ಣು ನೋಡಿದರು.

"ಟೇಬಲ್ ಕೊಡೋದು ಬೇಡ್ವೇನೋ?" ಎಂದರು.

"ನಾಳೆ," ಎಂದ ಅಪ್ಪ.

ಹಾಗೆಂದರೆ ಏನೆಂದು ದೊಡ್ಡಪ್ಪ ಯಾರನ್ನೂ ಕೇಳಲಿಲ್ಲ.